ಎರಡು ಕರೆಗಳ ನಡುವೆ ಮನಸ್ಸು

ರೋಣ–ಗಜೇಂದ್ರಗಡ ಸೀಮೆಯ ಮುಶಿಗೇರಿಯ ಎರೆಹೊಲಗಳಲ್ಲಿ, ಮುಂಗಾರಿನ ಹೆಸರು ಗೇಣುದ್ದ ಎದ್ದು ನಿಂತ ದಿನಗಳಲ್ಲಿ, ಎಡೆ ಹೊಡೆಯುವ ರೈತನನ್ನು ಬದುವಿನ ಮೇಲೆ ನಿಂತು ಸ್ವಲ್ಪ ಹೊತ್ತು ನೋಡಿದವರಿಗೆ, ಆ ಕೆಲಸ ಹೊರಗೆ ಕಾಣುವಷ್ಟು ಸುಲಭವಲ್ಲವೆಂಬುದು ಬೇಗನೆ ಮನದಟ್ಟಾಗುತ್ತದೆ. ಎತ್ತುಗಳ ಬಾಯಿಗೆ ಕುಕ್ಕೆ ಕಟ್ಟಿ, ಹಸುರಿನ ಆಸೆಯಿಂದ ಅವನ್ನು ಮೊದಲೇ ಬಿಡಿಸಿದ್ದಾಗಿದೆ. ಮೇಳಿ ಹಿಡಿದ ಮನುಷ್ಯನಿಗೆ ಮಾತ್ರ ಅಂಥ ಕಟ್ಟು ಯಾವುದೂ ಇಲ್ಲ. ಕುಂಟೆಯ ಕುಡ ಸಾಲುಗಳ ನಡುವಣ ಕಸವನ್ನಷ್ಟೇ ಕೊಯ್ಯಬೇಕು, ತುಸು ಸರಿದರೂ ಪೈರಿನ ಬೇರಿಗೆ ತಾಗೀತು. ಒಂದು ಎತ್ತು ಹೆಜ್ಜೆ ಮುಂದಿಟ್ಟಿತೆಂದರೆ ನೊಗ ಓರೆಯಾದೀತು. ಅಷ್ಟರಲ್ಲಿ ದಾರಿಯಲ್ಲಿ ಹೋಗುವವರೊಬ್ಬರು ಹೆಸರು ಹಿಡಿದು ಕೂಗುತ್ತಾರೆ, ಜೇಬಿನೊಳಗಿನ ಮೊಬೈಲು ದನಿಗೈಯುತ್ತದೆ. ಹೊಸದಾಗಿ ಮೇಳಿ ಹಿಡಿದ ಹುಡುಗನಾದರೆ ತಲೆಯೆತ್ತಿಬಿಡುತ್ತಾನೆ. ಹಿಂದೆ ಬರುವ ತಂದೆ “ತಮ್ಮಾ, ಸಾಲ ನೋಡ್ಕೊಂಡ ಹೊಡಿ” ಎಂದು ಎಚ್ಚರಿಸುತ್ತಾನೆ. ಅನುಭವಿಯಾದವನು ಕರೆಯನ್ನು ಕೇಳಿಯೂ ಸಾಲನ್ನು ಬಿಡುವುದಿಲ್ಲ. ಕೂಗಿದವರಿಗೆ ಉತ್ತರ ಹೇಳುವುದಾದರೂ ಸಾಲಿನ ಕೊನೆ ಮುಟ್ಟಿ ಎತ್ತು ತಿರುವುವ ಹೊತ್ತಿಗೇ.

ಆ ಒಂದು ಕ್ಷಣದಲ್ಲಿ, ಕಿವಿಯನ್ನು ಎಳೆಯುವ ಕರೆಯೊಂದು ಮತ್ತು ಕಣ್ಣನ್ನು ಹಿಡಿದಿರುವ ಸಾಲೊಂದು, ಹೀಗೆ ಎರಡು ಹಕ್ಕುಗಳು ಒಬ್ಬನೇ ಮನುಷ್ಯನ ಮೇಲೆ ಏಕಕಾಲಕ್ಕೆ ಬಂದು ನಿಂತಾಗ, ಅವನ ಮಸ್ತಿಷ್ಕದೊಳಗೆ ಏನು ನಡೆಯುತ್ತದೆ? ಇಲ್ಲೊಂದು ವಿರೋಧವುಂಟು ಎಂದು ಅರಿಯುವುದು ಯಾವುದು, ಅದನ್ನು ತೀರಿಸುವುದು ಯಾವುದು? ಕಳೆದ ಶತಮಾನದ ಮನೋವಿಜ್ಞಾನವೂ ನರವಿಜ್ಞಾನವೂ ಬಹು ಶ್ರಮದಿಂದ ಹುಡುಕಿರುವ ಉತ್ತರಗಳು ಏಕಾಗ್ರತೆಯ ಕುರಿತಾಗಿ ನಾವು ರೂಢಿಯಿಂದ ತಳೆದಿರುವ ಅಭಿಪ್ರಾಯವನ್ನು ತಿದ್ದಬಲ್ಲವಾದುದರಿಂದ, ಅವುಗಳನ್ನು ಸಾವಧಾನವಾಗಿ ಪರಿಶೀಲಿಸುವುದು ಮಕ್ಕಳನ್ನು ಓದಿಸುವ ಪ್ರತಿಯೊಂದು ಮನೆಗೂ ಹಿತವಾದೀತು.

ಅಕ್ಷರ ಬಲ್ಲವನ ಸಂಕಟ

ಮನೆಯಲ್ಲಿಯೇ ಮಾಡಿ ನೋಡಬಹುದಾದ ಒಂದು ಪರೀಕ್ಷೆಯಿದೆ. ‘ಕೆಂಪು’ ಎಂಬ ಪದವನ್ನು ಹಸುರು ಬಣ್ಣದ ಪೆನ್ನಿನಲ್ಲಿ, ‘ನೀಲಿ’ ಎಂಬುದನ್ನು ಹಳದಿಯಲ್ಲಿ, ‘ಹಸುರು’ ಎಂಬುದನ್ನು ಕೆಂಪಿನಲ್ಲಿ, ಹೀಗೆ ಒಂದು ಹಾಳೆಯ ತುಂಬ ಬರೆದು, ಬರೆದ ಪದಗಳನ್ನು ಓದದೆ ಮಸಿಯ ಬಣ್ಣವನ್ನಷ್ಟೇ ವೇಗವಾಗಿ ಹೇಳುತ್ತ ಹೋಗಬೇಕು. ನಾಲಗೆ ತಡವರಿಸುತ್ತದೆ, ಹೇಳಬಾರದ ಪದವೇ ತುಟಿಯ ತುದಿಗೆ ಬಂದು ನಿಲ್ಲುತ್ತದೆ. ಅಮೆರಿಕದ ಟೆನೆಸಿ ಸಂಸ್ಥಾನದ ನ್ಯಾಶ್‌ವಿಲ್ ನಗರದಲ್ಲಿದ್ದ ಜಾನ್ ರಿಡ್ಲಿ ಸ್ಟ್ರೂಪ್ ಎಂಬ ಸಂಶೋಧಕರು 1935ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಬರಿಯ ಬಣ್ಣದ ನೂರು ಚೌಕಗಳನ್ನು ಹೆಸರಿಸಲು ಸರಾಸರಿ 63 ಸೆಕೆಂಡು ಹಿಡಿದ ವಿದ್ಯಾರ್ಥಿಗಳು, ಹೀಗೆ ವಿರುದ್ಧಪದಗಳಿಂದ ತೊಡಕಾದ ನೂರು ಬಣ್ಣಗಳನ್ನು ಹೆಸರಿಸಲು 110 ಸೆಕೆಂಡು ತೆಗೆದುಕೊಂಡರೆಂಬ ದಾಖಲೆಯಿದೆ. ಅದಕ್ಕೂ ಅರ್ಧ ಶತಮಾನ ಹಿಂದೆ, 1886ರಲ್ಲಿಯೇ, ಜೇಮ್ಸ್ ಕ್ಯಾಟೆಲ್ ಎಂಬವರು ಬಣ್ಣಕ್ಕೆ ಹೆಸರು ಹೇಳುವುದಕ್ಕಿಂತ ಪದವನ್ನು ಓದುವುದು ಶೀಘ್ರತರವೆಂದು ಅಳೆದು ತೋರಿಸಿದ್ದರು.

ಈ ಪರೀಕ್ಷೆಯಲ್ಲಿ ಚಿಂತನೀಯವಾದ ಸಂಗತಿಯೆಂದರೆ, ಅಂಗನವಾಡಿಗೆ ಹೋಗುವ, ಬಣ್ಣಗಳನ್ನು ಬಲ್ಲ ಆದರೆ ಅಕ್ಷರವನ್ನು ಇನ್ನೂ ಕಲಿಯದ ಮಗುವಿಗೆ ಆ ಹಾಳೆಯಲ್ಲಿ ಯಾವ ವಿರೋಧವೂ ಗೋಚರಿಸುವುದಿಲ್ಲ. ಎಡವುವವಳು ಹತ್ತನೆಯ ತರಗತಿಯಲ್ಲಿ ಓದುವ ಅದರ ಅಕ್ಕ. ವರ್ಷಗಟ್ಟಲೆಯ ಅಭ್ಯಾಸದಿಂದ ಓದು ಅವಳಿಗೆ ಉಸಿರಾಟದಷ್ಟು ಸಹಜವಾಗಿ, ಕಣ್ಣಿಗೆ ಅಕ್ಷರ ಬಿದ್ದೊಡನೆ ಇಚ್ಛೆಯ ಅಪ್ಪಣೆಯನ್ನು ಕಾಯದೆ ಅರ್ಥವಾಗಿಬಿಡುತ್ತದೆ. ಆದುದರಿಂದ ಅವಧಾನದ ಒಳಜಗಳವು ಬುದ್ಧಿಮಾಂದ್ಯದ ಲಕ್ಷಣವಲ್ಲ. ನಾವು ಚೆನ್ನಾಗಿ ಕಲಿತಿರುವ ವಿದ್ಯೆಯೊಂದು, ಈ ಗಳಿಗೆಯಲ್ಲಿ ನಮಗೆ ಬೇಕಾದ ಉದ್ದೇಶದೊಂದಿಗೆ ಎದುರುಬದುರಾಗಿ ನಿಂತಾಗ ಹುಟ್ಟುವ ಸ್ಥಿತಿ ಅದು. ಅಭ್ಯಾಸ ಒಂದನ್ನು ಹೇಳುತ್ತದೆ, ಸಂಕಲ್ಪ ಇನ್ನೊಂದನ್ನು ಹೇಳುತ್ತದೆ. ಕಲಿತವನಿಗೇ ಈ ಸಂಕಟ.

ವಿರೋಧಗಳು ಬೇರೆ ಬಗೆಯವೂ ಉಂಟು. ಸಾಲಾಗಿ ಬರೆದ ಏಳು ಅಕ್ಷರಗಳ ನಡುವಿನದಕ್ಕೆ ಮಾತ್ರ ಉತ್ತರಿಸಬೇಕೆಂದು ನಿಯಮಿಸಿ, ಇಕ್ಕೆಲಗಳಲ್ಲಿ ವಿರುದ್ಧ ಉತ್ತರವನ್ನು ಬೇಡುವ ಅಕ್ಷರಗಳನ್ನಿಟ್ಟರೆ, ಅವುಗಳನ್ನು ನೋಡುವ ಅಗತ್ಯವೇ ಇಲ್ಲದಿದ್ದರೂ ಕೈ ನಿಧಾನವಾಗುತ್ತದೆಂದು ಎರಿಕ್ಸನ್ ದಂಪತಿಗಳು 1974ರಲ್ಲಿ ತೋರಿಸಿದರು. ‘ಎಡ’ ಎಂಬ ಆಜ್ಞೆಯು ಬಲಗಿವಿಗೆ ಕೇಳಿಸಿದರೆ ಕೈ ತಡಮಾಡುವುದೆಂಬುದನ್ನು ರಿಚರ್ಡ್ ಸೈಮನ್ ಅರುವತ್ತರ ದಶಕದಲ್ಲಿ ಕಂಡುಕೊಂಡರು. ಒಂದು ಕಿವಿಗೆ ಬೀಳುವ ಮಾತನ್ನು ಶ್ರದ್ಧೆಯಿಂದ ಅನುಸರಿಸುತ್ತಿರುವವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನ, ಕಡೆಗಣಿಸಿದ ಇನ್ನೊಂದು ಕಿವಿಯಲ್ಲಿ ತಮ್ಮ ಹೆಸರು ಬಂದಾಗ ಅದನ್ನು ಗುರುತಿಸಿದರೆಂದು ನೆವಿಲ್ ಮೊರೇ ಎಂಬವರು 1959ರಲ್ಲಿ ವರದಿ ಮಾಡಿದರು. ಹೊಲದ ಹುಡುಗ ಹೆಸರು ಕೇಳಿ ತಲೆಯೆತ್ತುವುದು ಅಶ್ರದ್ಧೆಯಿಂದಲ್ಲ. ಕೆಲವು ಕರೆಗಳು ನಾವು ಬೇಡವೆಂದರೂ ಒಳಗೆ ಬಂದೇ ತೀರುತ್ತವೆ. ಬಾರದಂತೆ ತಡೆಯುವುದು ಅವಧಾನದ ಕೈಯಲ್ಲಿಲ್ಲದಿರಬಹುದು. ಬಂದಮೇಲೆ ಏನು ಮಾಡಬೇಕೆಂಬುದು ಅದರ ಕೆಲಸ.

ಅರಿಯುವ ಅಂಗ, ತೀರಿಸುವ ಅಂಗ

ಹಣೆಯ ಹಿಂದೆ, ಮೆದುಳಿನ ಎರಡು ಅರ್ಧಗೋಳಗಳು ಒಂದಕ್ಕೊಂದು ಮುಖಮಾಡಿರುವ ಒಳಗೋಡೆಯ ಮೇಲೆ, ಅವೆರಡನ್ನೂ ಬೆಸೆಯುವ ನರತಂತುಗಳ ದಪ್ಪ ಪಟ್ಟಿಯನ್ನು ಬಳಸಿಕೊಂಡು ಬಾಗಿರುವ ಒಂದು ಪ್ರದೇಶಕ್ಕೆ ಆಂಟೀರಿಯರ್ ಸಿಂಗ್ಯುಲೇಟ್ ಕಾರ್ಟೆಕ್ಸ್ ಎಂದು ಹೆಸರು. ಅನುಕೂಲಕ್ಕಾಗಿ ಸಿಂಗ್ಯುಲೇಟ್ ಪ್ರದೇಶವೆನ್ನೋಣ. ಸ್ಟ್ರೂಪ್ ಪರೀಕ್ಷೆಗೆ ಒಳಗಾದವರ ಮೆದುಳಿನ ರಕ್ತಸಂಚಾರವನ್ನು 1990ರಲ್ಲಿ ಅಳೆದಾಗ, ಪದವೂ ಬಣ್ಣವೂ ವಿರೋಧಿಸಿದಲ್ಲೆಲ್ಲ ಈ ಪ್ರದೇಶ ಚುರುಕಾಗುತ್ತಿದ್ದುದು ಕಂಡುಬಂದಿತು. ಅದೇ ಕಾಲಕ್ಕೆ ಜರ್ಮನಿಯಲ್ಲಿಯೂ ಅಮೆರಿಕದಲ್ಲಿಯೂ, ನೆತ್ತಿಯ ಮೇಲಿನ ವಿದ್ಯುತ್ ಸ್ಪಂದನಗಳನ್ನು ಓದುತ್ತಿದ್ದ ಎರಡು ತಂಡಗಳು ಪ್ರತ್ಯೇಕವಾಗಿ ಒಂದು ಸೋಜಿಗವನ್ನು ಕಂಡುಹಿಡಿದವು: ಮನುಷ್ಯನು ತಪ್ಪು ಗುಂಡಿಯನ್ನು ಒತ್ತಿದ ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೇ, ಯಾರೂ ಅವನಿಗೆ ತಪ್ಪನ್ನು ತೋರಿಸುವ ಮೊದಲೇ, ಮೆದುಳಿನ ಮುಂದಣ ಮಧ್ಯಭಾಗದಿಂದ ಒಂದು ವಿದ್ಯುತ್ ಸಂಕೇತ ಏಳುತ್ತದೆ. ಹೊರಗಿನ ಗುರು ಬಾಯ್ದೆರೆಯುವುದಕ್ಕೆ ಮುಂಚೆ ಒಳಗಿನ ಎಚ್ಚರ ಮಾತಾಡಿರುತ್ತದೆ.

ಹಾಗಾದರೆ ಅದು ತಪ್ಪನ್ನು ಹಿಡಿಯುವ ಅಂಗವೇ? 1998ರಲ್ಲಿ ಕ್ಯಾಮೆರಾನ್ ಕಾರ್ಟರ್ ಮತ್ತವರ ಸಹೋದ್ಯೋಗಿಗಳು, ಉತ್ತರ ಸರಿಯಾಗಿದ್ದಾಗಲೂ, ಎರಡು ಉತ್ತರಗಳು ಪೈಪೋಟಿಗಿಳಿದಿದ್ದರೆ ಸಾಕು, ಸಿಂಗ್ಯುಲೇಟ್ ಪ್ರದೇಶ ಎಚ್ಚರಗೊಳ್ಳುವುದೆಂದು ತೋರಿಸಿದರು. ಇದನ್ನು ಆಧರಿಸಿ ಮ್ಯಾಥ್ಯೂ ಬಾಟ್ವಿನಿಕ್, ಜೊನಾಥನ್ ಕೊಹೆನ್ ಮುಂತಾದವರು 2001ರಲ್ಲಿ ಮಂಡಿಸಿದ ಸಿದ್ಧಾಂತದ ಸಾರವಿಷ್ಟು: ಈ ಪ್ರದೇಶ ವ್ಯಾಜ್ಯವನ್ನು ತೀರ್ಮಾನಿಸುವುದಿಲ್ಲ, ವ್ಯಾಜ್ಯ ಹುಟ್ಟಿದೆಯೆಂಬ ವಾರ್ತೆಯನ್ನು ಮುಟ್ಟಿಸುತ್ತದೆ. ನಮ್ಮ ಹಳ್ಳಿಗಳ ವಾಲೀಕಾರನು ಓಣಿಯಲ್ಲಿ ಜಗಳ ಕಂಡೊಡನೆ ತಾನೇ ನ್ಯಾಯ ಹೇಳಲು ನಿಲ್ಲದೆ, ಚಾವಡಿಗೆ ಓಡಿ ಹಿರಿಯರಿಗೆ ತಿಳಿಸುತ್ತಿದ್ದನಲ್ಲವೆ, ಅಂಥ ಕೆಲಸ ಇದರದು. ವಾರ್ತೆ ತಲುಪುವುದು ಹಣೆಯ ಎರಡು ಪಕ್ಕಗಳ ಹಿಂದಿರುವ ಪ್ರೀಫ್ರಾಂಟಲ್ ಕಾರ್ಟೆಕ್ಸ್ ಎಂಬ ಭಾಗಕ್ಕೆ. ಈಗ ಮಾಡಬೇಕಾದುದು ಏನೆಂಬ ಸಂಕಲ್ಪವನ್ನು ಧರಿಸಿಟ್ಟುಕೊಂಡಿರುವ ಸ್ಥಾನ ಅದು. ಒಂದು ಗಳಿಗೆಯಲ್ಲಿ ಸಿಂಗ್ಯುಲೇಟ್ ಪ್ರದೇಶ ಎಷ್ಟು ಪ್ರಬಲವಾಗಿ ಎಚ್ಚರಿಸಿತೋ, ಮುಂದಿನ ಗಳಿಗೆಯಲ್ಲಿ ಪ್ರೀಫ್ರಾಂಟಲ್ ಭಾಗ ಅಷ್ಟು ಬಲವಾಗಿ ಕಾರ್ಯೋನ್ಮುಖವಾಗುತ್ತದೆಂಬುದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಿಂದ ತಿಳಿದುಬಂದಿತು. ಸೆಕೆಂಡಿಗೆ ನಾಲ್ಕರಿಂದ ಎಂಟು ಬಾರಿ ಏರಿಳಿಯುವ, ಥೀಟಾ ಎಂದು ಕರೆಯಲಾಗುವ ತರಂಗಗಳು ವಿರೋಧದ ಗಳಿಗೆಯಲ್ಲಿ ಮುಂಭಾಗದ ನಡುವಿನಲ್ಲಿ ಪ್ರಬಲವಾಗುವುದರಿಂದ, ದೂರದೂರದ ಭಾಗಗಳು ಒಂದನ್ನೊಂದು ಮುಟ್ಟುವುದು ಈ ಲಯದ ಮೂಲಕವೇ ಇರಬಹುದೆಂದು ಹಲವು ವಿದ್ವಾಂಸರ ಮತ.

ತೀರ್ಮಾನದ ಕ್ರಮವು ಇನ್ನೂ ಆಶ್ಚರ್ಯಕರ. ಬೇಡದ ಕರೆಯನ್ನು ಹತ್ತಿಕ್ಕುವುದರಿಂದಲೇ ಏಕಾಗ್ರತೆ ಸಾಧ್ಯವೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಟೋಬಿಯಾಸ್ ಎಗ್ನರ್ ಮತ್ತು ಜಾಯ್ ಹಿರ್ಷ್ 2005ರಲ್ಲಿ, ಪ್ರಸಿದ್ಧ ವ್ಯಕ್ತಿಗಳ ಮುಖಚಿತ್ರಗಳ ಮೇಲೆ ಹೆಸರುಗಳನ್ನು ಬರೆದು, ಮುಖ ಒಬ್ಬರದು ಹೆಸರು ಮತ್ತೊಬ್ಬರದು ಎಂಬ ವಿರೋಧವನ್ನು ಕಲ್ಪಿಸಿ ಪರೀಕ್ಷಿಸಿದಾಗ, ಮುಖವನ್ನು ಗಮನಿಸಬೇಕಾಗಿದ್ದ ಸಂದರ್ಭದಲ್ಲಿ ಮುಖಗಳನ್ನು ಗುರುತಿಸುವ ಮೆದುಳಿನ ಭಾಗ ಹೆಚ್ಚು ಪ್ರಬಲವಾಯಿತು. ಮುಖವೇ ಅಡ್ಡಿಯಾಗಿದ್ದ ಸಂದರ್ಭದಲ್ಲಿ ಅದೇ ಭಾಗ ಕುಗ್ಗಿಹೋದಂತೆ ಕಾಣಲಿಲ್ಲ. ಎಂದರೆ, ಆ ಪ್ರಯೋಗದಲ್ಲಿ ವ್ಯಾಜ್ಯ ತೀರಿದುದು ಬೇಡದುದನ್ನು ದಂಡಿಸುವುದರಿಂದಲ್ಲ, ಬೇಕಾದುದಕ್ಕೆ ಬಲ ಕೊಡುವುದರಿಂದ.

ಇನ್ನೊಂದು ಗುಣವನ್ನೂ ಇಲ್ಲಿ ಸ್ಮರಿಸಬೇಕು. ಒಮ್ಮೆ ವಿರೋಧವನ್ನು ಎದುರಿಸಿದ ಮೆದುಳು, ಅದರ ಬೆನ್ನಿಗೇ ಬರುವ ಎರಡನೆಯ ವಿರೋಧವನ್ನು ಮೊದಲಿನದಕ್ಕಿಂತ ಸಲೀಸಾಗಿ ದಾಟುವುದೆಂದು 1992ರಲ್ಲಿ ಗ್ರ್ಯಾಟನ್ ಮತ್ತು ಸಂಗಡಿಗರು ಗುರುತಿಸಿದರು. ತಪ್ಪಿದವನು ಮುಂದಿನ ಹೆಜ್ಜೆಯನ್ನು ತಾನಾಗಿಯೇ ನಿಧಾನಿಸಿ ಇಡುವುದನ್ನು ಪ್ಯಾಟ್ರಿಕ್ ರ‍್ಯಾಬಿಟ್ 1966ರಲ್ಲಿಯೇ ಗಮನಿಸಿದ್ದರು. ಎಡವುವಿಕೆಯು ಅವಧಾನದ ಶತ್ರುವಲ್ಲ. ಅದರ ಪಾಠವೇ ಎಡವುವಿಕೆಯಲ್ಲಿದೆ.

ಎಲ್ಲವೂ ಇತ್ಯರ್ಥವಾಗಿದೆಯೆಂದು ಮಾತ್ರ ಭಾವಿಸಲಾಗದು. ಸಿಂಗ್ಯುಲೇಟ್ ಪ್ರದೇಶಕ್ಕೆ ಪೆಟ್ಟಾದ ಕೆಲವರು ಇಂಥ ಪರೀಕ್ಷೆಗಳನ್ನು ಉಳಿದವರಂತೆಯೇ ನಿರ್ವಹಿಸಿದರೆಂಬ 2005ರ ವರದಿಯೊಂದು ಸಿದ್ಧಾಂತಕ್ಕೆ ಪ್ರಶ್ನೆಯಾಗಿ ನಿಂತಿತು. ಬಾಟ್ವಿನಿಕ್, ಕೊಹೆನ್ ಅವರೂ ಸೇರಿ ಬರೆದ 2013ರ ಪ್ರಬಂಧದಲ್ಲಿ, ಈ ಪ್ರದೇಶ ವಿರೋಧವನ್ನು ವರದಿಮಾಡುವುದಷ್ಟೇ ಅಲ್ಲದೆ, ಎಷ್ಟು ಪ್ರಯತ್ನ ಹಾಕಿದರೆ ಎಷ್ಟು ಫಲ, ಆ ಶ್ರಮ ಈ ಫಲಕ್ಕೆ ತಕ್ಕುದೆ, ಎಂಬ ಲೆಕ್ಕವನ್ನೂ ತೂಗುತ್ತದೆಂಬ ವಿಶಾಲತರ ವ್ಯಾಖ್ಯೆ ಬಂದಿದೆ. ವಿರೋಧವನ್ನು ಗುರುತಿಸುವ ಮತ್ತು ಸಂಕಲ್ಪಕ್ಕೆ ಬಲವೀಯುವ ಎರಡು ವ್ಯಾಪಾರಗಳು ಮೆದುಳಿನಲ್ಲಿ ನಡೆಯುತ್ತವೆಂಬ ಮೂಲಾಂಶಕ್ಕೆ ಇವುಗಳಿಂದ ಚ್ಯುತಿಯಿಲ್ಲ.

ಎಂಟು ಮಂದಿ ಪೃಚ್ಛಕರ ಎದುರು

ಈ ವ್ಯಾಪಾರವನ್ನೇ ಒಂದು ಕಲೆಯಾಗಿ ಕಡೆದು, ಸಭೆಯ ನಡುವೆ ನಿಲ್ಲಿಸಿದ ಪರಂಪರೆಯೊಂದು ನಮ್ಮಲ್ಲಿಯೇ ಇದೆ. ಅಷ್ಟಾವಧಾನವನ್ನು ಪ್ರತ್ಯಕ್ಷ ಕಂಡವರಿಗೆ ವಿವರಣೆ ಬೇಕಿಲ್ಲ. ಕಾಣದವರಿಗಾಗಿ ಅದರ ವಿನ್ಯಾಸವನ್ನು ಹೇಳಬೇಕು. ಎಂಟು ಮಂದಿ ಪೃಚ್ಛಕರು ಎದುರಿಗೆ ಕುಳಿತಿರುತ್ತಾರೆ. ಒಬ್ಬರು ಅಸಂಗತವೆಂದು ತೋರುವ ಪದ್ಯಪಾದವೊಂದನ್ನು ಸಮಸ್ಯೆಯಾಗಿ ಒಡ್ಡಿ ಪೂರಣ ಬೇಡುತ್ತಾರೆ. ಇನ್ನೊಬ್ಬರು ಪದ್ಯದ ವಿಷಯಕ್ಕೂ ಭಾಷೆಗೂ ಹೊಂದದ ನಾಲ್ಕು ಪದಗಳನ್ನು ಕೊಟ್ಟು ಅವುಗಳಿಂದ ಪದ್ಯ ಕಟ್ಟೆನ್ನುತ್ತಾರೆ. ಮತ್ತೊಬ್ಬರು ಅವಧಾನಿ ಒಂದೊಂದು ಅಕ್ಷರ ನುಡಿದೊಡನೆ ಮುಂದೆ ಇಂಥ ಅಕ್ಷರ ಬರಕೂಡದೆಂದು ನಿಷೇಧಿಸುತ್ತಾರೆ. ಸಂಖ್ಯಾಬಂಧದವರು ಯಾವ ದಿಕ್ಕಿನಿಂದ ಕೂಡಿದರೂ ಒಂದೇ ಮೊತ್ತ ಬರಬೇಕಾದ ಚೌಕದ ಒಂದೊಂದು ಮನೆಯ ಸಂಖ್ಯೆಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಕೇಳುತ್ತಾರೆ. ಇವೆಲ್ಲದರ ನಡುವೆ ಅಪ್ರಸ್ತುತ ಪ್ರಸಂಗಿ ಎಂಬ ಪೃಚ್ಛಕರೊಬ್ಬರು ಯಾವ ಗಳಿಗೆಯಲ್ಲಾದರೂ ಬಾಯಿಹಾಕಿ, ವಿಷಯಕ್ಕೆ ಸಂಬಂಧವೇ ಇಲ್ಲದ ಚಟುಲ ಪ್ರಶ್ನೆಯಿಂದ ಮನಸ್ಸನ್ನು ಎಳೆಯಲು ನೋಡುತ್ತಾರೆ. ಲೇಖನಿ, ಕಾಗದಗಳ ನೆರವಿಲ್ಲದೆ, ಪ್ರತಿಯೊಂದು ಪದ್ಯವೂ ಸುತ್ತಿಗೊಂದು ಪಾದದಂತೆ ಬೆಳೆದು, ಕಡೆಯಲ್ಲಿ ಎಲ್ಲವನ್ನೂ ಧಾರಣೆಯಿಂದ ಒಟ್ಟಾಗಿ ಒಪ್ಪಿಸಬೇಕು.

1962ರಲ್ಲಿ ಕೋಲಾರದಲ್ಲಿ ಜನಿಸಿ, ಇಂಜಿನಿಯರಿಂಗ್ ಓದಿ, ಈ ಕಲೆಯನ್ನು ಕನ್ನಡದಲ್ಲಿ ಮರಳಿ ಜೀವಂತಗೊಳಿಸಿದ ಶತಾವಧಾನಿ ಡಾ. ಆರ್. ಗಣೇಶ್ ಅವರು ಸಾವಿರಕ್ಕೂ ಮಿಕ್ಕಿ ಅವಧಾನಗಳನ್ನು ನಡೆಸಿರುವರಲ್ಲದೆ, ಅವಧಾನಕಲೆಯನ್ನೇ ವಿಷಯವಾಗಿಸಿ ಬರೆದ ಮಹಾಪ್ರಬಂಧಕ್ಕೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಡಿ.ಲಿಟ್. ಪದವಿಯನ್ನು ಪಡೆದಿದ್ದಾರೆ. 2012ರಲ್ಲಿ ಬೆಂಗಳೂರಿನಲ್ಲಿ ಮೂರು ದಿನಗಳ ಕಾಲ ಅವರು ನೂರು ಪೃಚ್ಛಕರ ಎದುರು ಸಂಪೂರ್ಣವಾಗಿ ಕನ್ನಡದಲ್ಲಿಯೇ ಶತಾವಧಾನವನ್ನು ನೆರವೇರಿಸಿದರು.

ವಿಜ್ಞಾನದ ಬೆಳಕಿನಲ್ಲಿ ನೋಡಿದರೆ ಈ ವಿನ್ಯಾಸದ ಜಾಣ್ಮೆ ಬೆರಗುಗೊಳಿಸುತ್ತದೆ. ನಿಷೇಧಾಕ್ಷರಿಯ ಪೃಚ್ಛಕರು ಯಾದೃಚ್ಛಿಕವಾಗಿ ಅಕ್ಷರವನ್ನು ತಡೆಯುವುದಿಲ್ಲ. ಅವಧಾನಿಯ ಮನಸ್ಸಿನಲ್ಲಿ ಅತ್ಯಂತ ಸುಲಭವಾಗಿ ಮುಂದೆ ಬರುವ ಪದವಾವುದೆಂದು ಊಹಿಸಿ, ಅದರ ದಾರಿಯನ್ನೇ ಕಟ್ಟುತ್ತಾರೆ. ಅಭ್ಯಾಸ ನೀಡುವ ಸಿದ್ಧ ಉತ್ತರವನ್ನು ಬಿಟ್ಟು ಸಂಕಲ್ಪ ಬೇಡುವ ಬೇರೊಂದನ್ನು ಹುಡುಕಬೇಕಾದ ಆ ಸ್ಥಿತಿ, ಸ್ಟ್ರೂಪ್ ಕಾಗದದ ಮೇಲೆ ರಚಿಸಿದ ವಿರೋಧದ ಕಾವ್ಯರೂಪವೇ ಸರಿ. ಅವಧಾನಿಯು ಎಂಟು ಕೆಲಸಗಳನ್ನು ಒಂದೇ ಕ್ಷಣದಲ್ಲಿ ಮಾಡುತ್ತಾನೆಂಬ ಜನಪ್ರಿಯ ನಂಬಿಕೆಯೂ ವಿನ್ಯಾಸಕ್ಕೆ ನ್ಯಾಯ ಸಲ್ಲಿಸದು. ಸುತ್ತುಗಳ ಕ್ರಮದಿಂದಾಗಿ ಒಂದು ಗಳಿಗೆಗೆ ಒಂದೇ ಪದ್ಯ ಎದುರಿಗಿರುತ್ತದೆ. ಉಳಿದವುಗಳ ಜಾಡು ತಪ್ಪದಂತೆ ಕಾಪಾಡಿಕೊಂಡು, ಒಂದನ್ನು ಬಿಟ್ಟು ಇನ್ನೊಂದಕ್ಕೆ ಪೂರ್ಣಮನಸ್ಸಿನಿಂದ ತಿರುಗುವುದೇ ಅಲ್ಲಿಯ ಸಿದ್ಧಿ. ಕೆಲಸದಿಂದ ಕೆಲಸಕ್ಕೆ ಹಾರುವಾಗ ಸಾಮಾನ್ಯ ಮನುಷ್ಯನ ವೇಗ ಕುಗ್ಗುವುದೆಂದು ಆರ್ಥರ್ ಜರ್ಸಿಲ್ಡ್ 1927ರಲ್ಲಿಯೇ ಅಳೆದಿದ್ದರು. ಆ ತಿರುವಿನ ಬೆಲೆಯನ್ನು ದೀರ್ಘ ಸಾಧನೆಯಿಂದ ತಗ್ಗಿಸಿಕೊಳ್ಳಬಹುದಲ್ಲದೆ ತೀರಾ ಇಲ್ಲವಾಗಿಸುವುದು ಸುಲಭವಲ್ಲ. ಇನ್ನು ಅಪ್ರಸ್ತುತ ಪ್ರಸಂಗಿಯನ್ನು ಯಾವ ಅವಧಾನಿಯೂ ಗದರಿ ಸುಮ್ಮನಾಗಿಸುವುದಿಲ್ಲ. ಸಭೆ ನಗುವಂತೆ ಉತ್ತರಿಸಿ, ಬಿಟ್ಟ ಪಾದಕ್ಕೆ ಹಿಂದಿರುಗುತ್ತಾನೆ. ಕರೆಯನ್ನು ಕೊಲ್ಲದೆ ಗುರಿಗೆ ಬಲ ಕೊಡುವ ಈ ನಡೆಯಲ್ಲಿ, ಪ್ರಯೋಗಾಲಯದ ಮಾತು ರಂಗದ ಮೇಲೆ ಅರ್ಥವತ್ತಾಗುತ್ತದೆ.

ಅಷ್ಟು ಎತ್ತರದ ಸಾಧನೆಯನ್ನು ಬಿಟ್ಟು ಮುಶಿಗೇರಿಯ ನೆರೆಹೊರೆಯನ್ನೇ ನೋಡಿದರೂ ನಿದರ್ಶನಗಳಿಗೆ ಕೊರತೆಯಿಲ್ಲ. ಗಜೇಂದ್ರಗಡದ ಕೈಮಗ್ಗದಲ್ಲಿ ಪಟ್ಟೆದಂಚಿನ ಸೀರೆಯ ಚೌಕಳಿಯನ್ನು ನೇಯುವವರು, ಲಾಳಿ ಓಡುವ ಲಯ ಕೈಗೆ ಎಷ್ಟೇ ರೂಢಿಯಾಗಿದ್ದರೂ, ಬಣ್ಣ ಬದಲಾಗಬೇಕಾದ ಎಳೆಗೆ ಬಂದಾಗ ಆ ರೂಢಿಯನ್ನೇ ತಡೆದು ನಿಲ್ಲಿಸಬೇಕು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಬೆಳೆಸಿದ ಸಂಗೀತಪರಂಪರೆಯಲ್ಲಿ, ಕಣ್ಣಿಲ್ಲದ ಬಾಲಕರು ತಬಲಾದ ಠೇಕಾ ತಮ್ಮ ತಾನನ್ನು ಎಳೆದೊಯ್ಯದಂತೆ, ತಾನೂ ಠೇಕಾವನ್ನು ಮರೆಸದಂತೆ ಹಾಡಿ ತಾಳದ ಮೊದಲ ಮಾತ್ರೆಯಾದ ‘ಸಮ್’ಗೆ ಬಂದು ಸೇರುವುದನ್ನು ಕಲಿತರು. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ವಿಲಂಬಿತ ಖಯಾಲನ್ನು ಆಲಿಸಿದವರು, ಲಯದೊಂದಿಗೆ ಸ್ವರಸಂಚಾರ ನಡೆಸುವ ಜಗ್ಗಾಟವೂ, ಅದು ನಿರಾಯಾಸವಾಗಿ ತೀರುವ ಆನಂದವೂ ಎಂಥದೆಂದು ಬಲ್ಲರು. ಈ ಸಾಧಕರಾರೂ ಕರೆಯಿಲ್ಲದ ನಿಶ್ಶಬ್ದದಲ್ಲಿ ಅವಧಾನವನ್ನು ಗಳಿಸಿದವರಲ್ಲ. ಗುರುವಿನ ಸಮ್ಮುಖದಲ್ಲಿ, ಸಾವಿರ ಸಲ ತಪ್ಪಿ ತಿದ್ದಿಕೊಂಡು ಗಳಿಸಿದರು.

ಮಕ್ಕಳ ಪರವಾಗಿ ಒಂದು ಮಾತು

ವಿರೋಧವನ್ನು ತೀರಿಸುವ ಈ ಶಕ್ತಿ ಎಲ್ಲರಲ್ಲಿಯೂ ಎಲ್ಲ ಕಾಲದಲ್ಲಿಯೂ ಸಮಾನವಾಗಿರುವುದಿಲ್ಲ. ಅಪಘಾತದಲ್ಲಿ ತಲೆಗೆ ಪೆಟ್ಟಾದವರಲ್ಲಿ, ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ, ಕೆಲವು ಮನೋರೋಗಗಳಲ್ಲಿ ಅದು ಕುಂದುವುದುಂಟು. 1974ರ ಡಿಸೆಂಬರ್ 27ರಂದು ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಶೋಭಿನಿ ರಾವ್, ಡಿ.ಕೆ. ಸುಬ್ಬಕೃಷ್ಣ, ಕೆ. ಗೋಪುಕುಮಾರ್ ಅವರು ಸಿದ್ಧಪಡಿಸಿ 2004ರಲ್ಲಿ ಪ್ರಕಟಿಸಿದ ಪರೀಕ್ಷಾಸಮೂಹದಲ್ಲಿ ಸ್ಟ್ರೂಪ್ ಪರೀಕ್ಷೆಗೂ ಸ್ಥಾನವಿದೆ. ಆ ಸಮೂಹದ ಅಳತೆಗಳನ್ನು ಪರದೇಶದಿಂದ ಎರವಲು ತಾರದೆ, ನಮ್ಮ ಜನರ ವಯಸ್ಸು, ಲಿಂಗ, ವಿದ್ಯಾಭ್ಯಾಸಗಳಿಗೆ ತಕ್ಕಂತೆ ಬೇರೆಬೇರೆಯಾಗಿ ಗೊತ್ತುಮಾಡಿರುವುದು ವಿವೇಕದ ಕೆಲಸ. ಶಾಲೆಯ ಮೆಟ್ಟಿಲು ಹತ್ತದ ರೈತನನ್ನು ಕಾಲೇಜಿನ ವಿದ್ಯಾರ್ಥಿಯ ಅಳತೆಗೋಲಿನಿಂದ ಅಳೆದು ಅವನಲ್ಲಿ ಕೊರತೆಯಿದೆಯೆಂದು ನಿರ್ಣಯಿಸುವುದು ಅನ್ಯಾಯವಾದೀತು.

ಇದೇ ನ್ಯಾಯಬುದ್ಧಿ ಮಕ್ಕಳ ವಿಷಯದಲ್ಲಿ ನಮಗೆ ಇನ್ನೂ ಸಾಲದು. ಸಂಕಲ್ಪವನ್ನು ಧರಿಸುವ ಪ್ರೀಫ್ರಾಂಟಲ್ ಭಾಗ ಪೂರ್ಣವಾಗಿ ಬಲಿಯುವುದು ಇಪ್ಪತ್ತರ ಹರೆಯ ದಾಟಿದ ಮೇಲೆ. ಎಂಟು ವರ್ಷದ ಮಗುವಿನಿಂದ ನಾವು ಅಪೇಕ್ಷಿಸುವ ಸ್ಥಿರತೆಯನ್ನು ಕೊಡಲು ಬೇಕಾದ ಅಂಗವೇ ಅದರಲ್ಲಿ ಇನ್ನೂ ಎಳೆಯದು. ಪಡಸಾಲೆಯಲ್ಲಿ ಧಾರಾವಾಹಿ ನಡೆಯುತ್ತಿರುವಾಗ, ಅಣ್ಣನ ಕೈಯ ಮೊಬೈಲಿನಿಂದ ಹಾಡು ಕೇಳಿಬರುತ್ತಿರುವಾಗ, ಅದೇ ಕೋಣೆಯ ಮೂಲೆಯಲ್ಲಿ ಮಗ್ಗಿ ಬರೆಯುತ್ತ ಕುಳಿತ ಹುಡುಗಿ, ಪ್ರತ್ಯೇಕ ಕೊಠಡಿಯುಳ್ಳ ನಗರದ ಮಗುವಿಗಿಂತ ಎಷ್ಟೋ ಹೆಚ್ಚು ವ್ಯಾಜ್ಯಗಳನ್ನು ಪ್ರತಿ ನಿಮಿಷವೂ ತೀರಿಸಿಕೊಂಡೇ ಆ ಮಗ್ಗಿಯನ್ನು ಮುಗಿಸಿರುತ್ತಾಳೆ. ಫಲಿತಾಂಶದ ಅಂಕಪಟ್ಟಿಯಲ್ಲಿ ಆ ಶ್ರಮಕ್ಕೆ ಮನ್ನಣೆ ಸಿಕ್ಕುವುದಿಲ್ಲ. ಅವಳು ತಲೆಯೆತ್ತಿದ ಒಂದು ಗಳಿಗೆಗೆ ಮಾತ್ರ ಬೈಗುಳ ಸಿಕ್ಕುತ್ತದೆ. ಬೈಗುಳವೂ ಒಂದು ಕರೆಯೇ ಅಲ್ಲವೆ? ಈಗಾಗಲೇ ಎರಡರ ನಡುವೆ ತುಯ್ದಾಡುತ್ತಿರುವ ಮನಸ್ಸಿನ ಮೇಲೆ ಅದು ಮೂರನೆಯ ಹಕ್ಕನ್ನು ಹೇರುತ್ತದೆ. ತಪ್ಪನ್ನು ಆಗಲೇ ಅರಿತು ತಿದ್ದಿಕೊಳ್ಳತೊಡಗಿರುವ ಒಳಗಿನ ಎಚ್ಚರಕ್ಕೆ ಅದರಿಂದ ಸಹಾಯವಾಗುವುದಕ್ಕಿಂತ ಅಡ್ಡಿಯಾಗುವ ಸಂಭವವೇ ಅಧಿಕ.

ಆದುದರಿಂದ ಈ ಲೇಖಕನಿಗೆ ಹೇಳಬೇಕೆನಿಸುವುದಿಷ್ಟು. ಏಕಾಗ್ರತೆಯೆಂದರೆ ಕರೆಗಳಿಲ್ಲದ ಸ್ಥಿತಿಯಲ್ಲ, ಕರೆಗಳ ನಡುವೆ ಹಿಂದಿರುಗುವ ಸಾಮರ್ಥ್ಯ. ಹಿಂದಿರುಗುವುದನ್ನು ಕಲಿಯಬೇಕಾದರೆ ಒಮ್ಮೆ ಅತ್ತ ಹೋಗಿರಲೇಬೇಕು. ತಪ್ಪಿದ ಮಗುವಿಗೆ ತಾನೇ ಅರಿತು ಮರಳಲು ಎರಡು ಉಸಿರಿನಷ್ಟು ಅವಕಾಶ ಕೊಡೋಣ. ಬೇಡದುದನ್ನು ಮಾಡಬೇಡವೆಂದು ಹತ್ತು ಸಲ ಹೇಳುವ ಬದಲು, ಮಾಡಬೇಕಾದುದನ್ನು ಒಂದು ಸಲ ಸ್ಪಷ್ಟವಾಗಿ ಹೇಳೋಣ. ಸಂಜೆಯ ಒಂದು ತಾಸು ಟೀವಿಯನ್ನು ಆರಿಸಿ, ಮೊಬೈಲನ್ನು ಬೇರೆ ಕಡೆ ಇಡುವುದು ದೊಡ್ಡವರಾದ ನಮ್ಮಿಂದ ಆಗಬಹುದಾದ ಕೆಲಸ. ಮನೆಯಲ್ಲಿ ಸ್ಥಳವಿಲ್ಲದವರಿಗಾಗಿ ಊರಿನ ಶಾಲೆಯ ಒಂದು ಕೋಣೆಯನ್ನೋ ಗ್ರಂಥಾಲಯವನ್ನೋ ಸಂಜೆಯೂ ತೆರೆದಿಡುವುದು ಪಂಚಾಯಿತಿಯಿಂದ ಆಗಬಹುದಾದ ಕೆಲಸ. ಬೇಡದ ಕರೆಗಳನ್ನು ತಗ್ಗಿಸುವ ಹೊಣೆ ಹಿರಿಯರದು. ಉಳಿದ ಕರೆಗಳೊಡನೆ ಸೆಣಸುವ ಕೆಲಸವನ್ನು ಮಗುವಿನ ಮೆದುಳು ತಾನೇ ಮಾಡಿಕೊಳ್ಳುತ್ತದೆ. ನಾವು ನಮ್ಮ ಪಾಲಿನ ಹೊಣೆಯನ್ನು ಹೊರದೆ ಮಗುವಿನ ಚಂಚಲತೆಯನ್ನು ದೂರುವುದು ಧರ್ಮವಲ್ಲ.